ಮಣ್ಣಿನ ಕೋಟೆ: ನಮ್ಮ ದುರ್ಗಚರಿತ್ರೆಯ ಒಂದು ಲೋಪವನ್ನು ಕುರಿತು

ಕರ್ಣಾಟಕದ ಕೋಟೆಗಳನ್ನು ಕುರಿತು ಇದುವರೆಗೆ ಬಂದಿರುವ ಬರವಣಿಗೆ ಪ್ರಮಾಣದಲ್ಲಿ ಅಲ್ಪವೇನೂ ಅಲ್ಲ. ಗೆಜೆಟಿಯರುಗಳು, ಪುರಾತತ್ತ್ವ ಇಲಾಖೆಯ ವರದಿಗಳು, ಸ್ಥಳಚರಿತ್ರೆಗಳು, ಪ್ರವಾಸಿಗಳ ಕೈಪಿಡಿಗಳು, ಪದವಿಗಾಗಿ ಸಿದ್ಧವಾದ ಪ್ರೌಢಪ್ರಬಂಧಗಳು ಇವೆಲ್ಲವನ್ನೂ ಒಟ್ಟುಗೂಡಿಸಿದರೆ ಒಂದು ಬೀರು ತುಂಬೀತು. ಆದರೆ ಇವುಗಳಲ್ಲಿ ಬಹುಪಾಲು ಕೃತಿಗಳು ಕೋಟೆಯನ್ನು ವರ್ಣಿಸುವ ಕ್ರಮ ಒಂದೇ ಎರಕದ್ದು. ಸುತ್ತಳತೆ ಇಷ್ಟು, ಬಾಗಿಲುಗಳು ಇಷ್ಟು, ಕೊತ್ತಳಗಳು ಇಷ್ಟು, ಕಟ್ಟಿಸಿದಾತ ಇಂಥವನು, ಗೆದ್ದಾತ ಇಂಥವನು. ಕೋಟೆ ಕಲ್ಲಿನದಾಗಿದ್ದರೆ ಬಂಡೆಗಳ ಗಾತ್ರವನ್ನು ಕುರಿತು ನಾಲ್ಕು ಮೆಚ್ಚುಮಾತು ಸೇರುತ್ತವೆ. ಮಣ್ಣಿನದಾಗಿದ್ದರೆ ಆ ಸಂಗತಿಯನ್ನು ಎರಡು ಶಬ್ದಗಳಲ್ಲಿ ಹೇಳಿ ಲೇಖಕರು ಮುಂದಿನ ಊರಿಗೆ ನಡೆಯುತ್ತಾರೆ.

ಈ ಎರಡು ಶಬ್ದಗಳ ಹಿಂದೆ ಒಂದು ತೀರ್ಪು ಅಡಗಿದೆ. ಮಣ್ಣಿನ ಕೋಟೆ ಎಂದರೆ ಬಡ ಪಾಳೆಯಗಾರನ ಕೋಟೆ, ಕಲ್ಲು ಸಿಕ್ಕದ ಅಥವಾ ಕಲ್ಲಿಗೆ ಹಣವಿಲ್ಲದ ಊರಿನ ಕೋಟೆ, ಅಭಿವೃದ್ಧಿಯ ಮೆಟ್ಟಿಲಿನಲ್ಲಿ ಕೆಳಗಿನದು ಎಂಬುದೇ ಆ ತೀರ್ಪು. ಬೆಂಗಳೂರಿನ ಕಥೆಯನ್ನು ಹೇಳುವಾಗ ಇದು ಸ್ಪಷ್ಟವಾಗಿ ತೋರುತ್ತದೆ. ೧೫೩೭ರಲ್ಲಿ ಕೆಂಪೇಗೌಡನು ಮಣ್ಣಿನ ಕೋಟೆಯನ್ನು ಕಟ್ಟಿದನು, ೧೭೬೧ರಲ್ಲಿ ಹೈದರಾಲಿಯು ಕಲ್ಲಿನ ಕೋಟೆಯನ್ನು ಕಟ್ಟಿಸಿದನು ಎಂಬ ಎರಡು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದು, ಮೊದಲನೆಯದು ದುರ್ಬಲವಾಗಿತ್ತು, ಎರಡನೆಯದು ಬಲವಾಯಿತು ಎಂಬ ಭಾವನೆಯನ್ನು ವಾಚಕರಿಗೆ ಬಿಟ್ಟುಬಿಡುವುದು ವಾಡಿಕೆ. ಈ ತೀರ್ಪು ಯಾವ ಪ್ರಮಾಣದ ಮೇಲೆ ನಿಂತಿದೆ ಎಂಬುದನ್ನು ಪರಿಶೀಲಿಸುವುದೇ ನಮ್ಮ ಉದ್ದೇಶ. ಕೋಟೆ ಇರುವುದು ಏಟನ್ನು ತಡೆಯುವುದಕ್ಕೆ. ಆದುದರಿಂದ ವೇಗವಾಗಿ ಬಂದ ಗುಂಡನ್ನು ಕಲ್ಲು ಹೇಗೆ ತಡೆಯುತ್ತದೆ, ಮಣ್ಣು ಹೇಗೆ ತಡೆಯುತ್ತದೆ ಎಂಬುದನ್ನು ಕೇಳದೆ ಕೋಟೆಯ ಬಲಾಬಲವನ್ನು ನಿರ್ಣಯಿಸುವುದು ಸಾಧ್ಯವಿಲ್ಲ. ಈ ಪ್ರಶ್ನೆ ಭೌತವಿಜ್ಞಾನಿಗಳದೆಂದು ಇತಿಹಾಸಕಾರರು ಕೈತೊಳೆದುಕೊಂಡಂತೆ ತೋರುತ್ತದೆ.

ಹಳೇಬೀಡಿನ ಪಕ್ಕದ ಹುಲಿಕೆರೆಗೆ ಹೋಗುವವರು ಸಾಮಾನ್ಯವಾಗಿ ಅಲ್ಲಿಯ ಹೊಯ್ಸಳರ ಕಾಲದ ಮೆಟ್ಟಿಲುಕೊಳವನ್ನು ನೋಡಲು ಹೋಗುತ್ತಾರೆ. ಕೊಳದೊಳಗಣ ಪುಟ್ಟ ಗುಡಿಗಳ ಸಾಲು ಅಷ್ಟು ಮನೋಹರವಾಗಿರುವುದರಿಂದ ಮೆಟ್ಟಿಲುಗಳ ಹಿಂದೆ ಏನಿದೆ ಎಂಬ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಹಿಂದೆ ಇರುವುದು ಮಣ್ಣು. ಅದು ಒಳಕ್ಕೆ ಕುಸಿಯದಂತೆ ಕಲ್ಲನ್ನು ಹಂತಹಂತವಾಗಿ ಒರಗಿಸಿ ನಿಲ್ಲಿಸಿದ ಉಪಾಯವೇ ಆ ಸೌಂದರ್ಯಕ್ಕೆ ಆಧಾರ. ಇದೇ ದೃಷ್ಟಿಯನ್ನು ಇಟ್ಟುಕೊಂಡು ದೋರಸಮುದ್ರದ ಕೋಟೆಯ ಅವಶೇಷಗಳ ಕಡೆಗೆ ನಡೆದರೆ ಕಾಣುವ ಚಿತ್ರ ಬೇರೆ. ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ ದೊಡ್ಡ ಬಂಡೆಗಳು ಮೊದಲು ಕಣ್ಣಿಗೆ ಬೀಳುತ್ತವೆ. ಬಂಡೆ ಜಾರಿರುವ ಎಡೆಯಲ್ಲಿ ನಿಂತು ನೋಡಿದರೆ ಅವುಗಳ ಹಿಂದಿನ ಮಣ್ಣು ಜಲ್ಲಿಗಳ ದಿಬ್ಬವೂ ಕಾಣುತ್ತದೆ. ನಮ್ಮ ಗ್ರಂಥಗಳು ಈ ಕೋಟೆಯನ್ನು ಕಲ್ಲಿನ ಕೋಟೆ ಎಂದು ಕರೆಯುತ್ತವೆ. ಮುಖವನ್ನು ನೋಡಿ ಇಟ್ಟ ಹೆಸರು ಇದು.

ಇಲ್ಲಿ ಸ್ವಲ್ಪ ಲೆಕ್ಕವನ್ನು ಸಹಿಸಿಕೊಳ್ಳಬೇಕೆಂದು ವಾಚಕರನ್ನು ಬೇಡುತ್ತೇವೆ. ಹದಿನೆಂಟನೆಯ ಶತಮಾನದ ಮುತ್ತಿಗೆಗಳಲ್ಲಿ ಗೋಡೆಯೊಡೆಯಲು ಬಳಸುತ್ತಿದ್ದ ೨೪ ಪೌಂಡಿನ ಕಬ್ಬಿಣದ ಗುಂಡಿನ ತೂಕ ಸುಮಾರು ೧೧ ಕಿಲೋಗ್ರಾಂ. ಅದು ಗೋಡೆಯನ್ನು ಮುಟ್ಟುವಾಗ ಸೆಕೆಂಡಿಗೆ ೪೦೦ ಮೀಟರು ವೇಗದಲ್ಲಿದೆಯೆಂದು ಭಾವಿಸೋಣ. ಆಗ ಅದರ ಚಲನಶಕ್ತಿ ೮,೮೦,೦೦೦ ಜೂಲು. ಒಂದು ಟನ್ನು ಭಾರವನ್ನು ೯೦ ಮೀಟರು ಎತ್ತರಕ್ಕೆ ಎತ್ತಲು ಬೇಕಾಗುವಷ್ಟು. ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಗುಂಡು ೨೦ ಸೆಂಟಿಮೀಟರಿನೊಳಗೆ ನಿಂತರೆ ಗೋಡೆಯ ಮೇಲೆ ಬೀಳುವ ಸರಾಸರಿ ಒತ್ತು ಸುಮಾರು ೪೫೦ ಟನ್ನು ಭಾರಕ್ಕೆ ಸಮ. ಎರಡು ಮೀಟರು ಹೊಕ್ಕು ನಿಂತರೆ ಅದು ೪೫ ಟನ್ನಿಗೆ ಇಳಿಯುತ್ತದೆ. ಗುಂಡು ಆಳಕ್ಕೆ ಹೊಕ್ಕದ್ದನ್ನು ಗೋಡೆಯ ಸೋಲೆಂದು ಬಗೆಯುವುದು ಸಹಜ. ಆದರೆ ಆ ಹೊಗುವಿಕೆಯೇ ಏಟನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿರುತ್ತದೆ.

ಕಲ್ಲು ಅದುಮುವ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಏಟು ಬಿದ್ದಾಗ ಹೊರಟ ಒತ್ತಡದ ಅಲೆ ಬಂಡೆಯ ಹಿಂಬದಿಯನ್ನು ಮುಟ್ಟಿ, ಅಲ್ಲಿ ಹಿಂದೆ ಆಧಾರವಿಲ್ಲದಿದ್ದರೆ, ಎಳೆತದ ಅಲೆಯಾಗಿ ಮರಳುತ್ತದೆ. ಗುಂಡು ಬಿದ್ದದ್ದು ಮುಂದೆ, ಚಕ್ಕೆ ಹಾರುವುದು ಹಿಂದೆ ಎಂಬ ವಿಚಿತ್ರ ಇದರಿಂದ ಉಂಟಾಗುತ್ತದೆ. ಒಮ್ಮೆ ಬಿರುಕು ಬಿಟ್ಟ ಬಂಡೆ ಎರಡನೆಯ ಏಟಿಗೆ ಮೊದಲಿನ ಬಂಡೆಯಾಗಿರುವುದಿಲ್ಲ. ಬಿರುಕು ನಡೆಯಲು ಅದಕ್ಕೆ ಒಂದು ಅಖಂಡವಾದ ದಾರಿ ಬೇಕು. ಕಲ್ಲಿನಲ್ಲಿ ಆ ದಾರಿ ಉಂಟು.

ಮಣ್ಣಿನಲ್ಲಿ ಆ ದಾರಿ ಇಲ್ಲ. ಮರಳು, ಜಲ್ಲಿ, ಮಣ್ಣು ಇವು ಕಣಗಳ ರಾಶಿ. ಪ್ರತಿಯೊಂದು ಕಣವೂ ನೆರೆಯ ಕೆಲವು ಕಣಗಳನ್ನು ಮಾತ್ರ ಮುಟ್ಟಿಕೊಂಡಿರುತ್ತದೆ, ನಡುವೆ ಗಾಳಿ. ಗುಂಡು ಬಡಿದಾಗ ಮುಂದಿನ ಕಣಗಳು ಪಕ್ಕಕ್ಕೆ ತಳ್ಳಲ್ಪಡುತ್ತವೆ, ಒಂದನ್ನೊಂದು ಉಜ್ಜುತ್ತವೆ, ಖಾಲಿಯೆಡೆಗಳು ಮುಚ್ಚಿಕೊಳ್ಳುತ್ತವೆ, ಕೆಲವು ಕಣಗಳು ಪುಡಿಯಾಗುತ್ತವೆ. ಶಕ್ತಿಯ ಬಹುಭಾಗ ಈ ಉಜ್ಜಾಟದಲ್ಲಿ ಬಿಸಿಯಾಗಿ ಮುಗಿದುಹೋಗುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕ್ಲಾರ್ಕ್, ಕೊಂಡಿಕ್, ಬೆರಿಂಜರ್ ಎಂಬ ವಿಜ್ಞಾನಿಗಳು ಒತ್ತಡ ಬಿದ್ದಾಗ ಹೊಳೆಯುವ ಸಣ್ಣ ಬಿಲ್ಲೆಗಳನ್ನು ರಾಶಿಹಾಕಿ ಅವುಗಳ ಮೇಲೆ ಭಾರವನ್ನು ಬೀಳಿಸಿ ವೇಗದ ಚಿತ್ರಗಳನ್ನು ತೆಗೆದು ೨೦೧೨ರಲ್ಲಿ ಪ್ರಕಟಿಸಿದರು. ಏಟು ಸಮವಾಗಿ ಹರಡದೆ, ಬಿಲ್ಲೆಯಿಂದ ಬಿಲ್ಲೆಗೆ ಸರಪಣಿಗಳಂತೆ ಕವಲೊಡೆದು, ಬಿಟ್ಟು ಬಿಟ್ಟು ಬರುವ ಮಿಡಿತಗಳಾಗಿ ಚದರಿ ಕ್ಷೀಣಿಸುವುದು ಅವುಗಳಲ್ಲಿ ಕಂಡಿತು. ಕಟ್ಟಿಗೆಯ ಹೊರೆಯನ್ನು ಒಬ್ಬನ ತಲೆಯಿಂದ ಇಳಿಸಿ ಊರಿಗೆಲ್ಲ ಹಂಚಿದಂತೆ ಎಂದರೆ ಹೋಲಿಕೆ ಸರಿಹೋದೀತು.

ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ೧೭೪೨ರಲ್ಲಿ ತೋಪುವಿದ್ಯೆಯನ್ನು ಕುರಿತು ಗ್ರಂಥ ಬರೆದ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸನು, ಗುಂಡು ಎಷ್ಟೇ ವೇಗವಾಗಿರಲಿ, ಅದು ಹೊಗುವ ವಸ್ತುವಿನ ತಡೆ ಒಂದೇ ಸಮನಾಗಿರುತ್ತದೆಂದು ಎಣಿಸಿದ್ದನು. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಪೊನ್ಸೆಲೆಯು ಇದನ್ನು ತಿದ್ದಿ, ತಡೆಯಲ್ಲಿ ಎರಡು ಪಾಲುಗಳಿವೆ, ಒಂದು ಸ್ಥಿರವಾದುದು, ಇನ್ನೊಂದು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದು ಎಂದು ತೋರಿಸಿದನು. ೨೦೦೭ರಲ್ಲಿ ಕತ್ಸುರಾಗಿ ಮತ್ತು ಡ್ಯೂರಿಯನ್ ಎಂಬವರು ಒಣ ಕಣರಾಶಿಯ ಮೇಲೆ ನಡೆಸಿದ ನಿಧಾನವೇಗದ ಪ್ರಯೋಗಗಳಲ್ಲಿ ಆಳಕ್ಕೆ ಹೋದಂತೆ ಘರ್ಷಣೆಯ ಪಾಲೂ ಹೆಚ್ಚುವುದನ್ನು ಅಳೆದರು. ಒಟ್ಟಿನಲ್ಲಿ, ಗುಂಡು ವೇಗವಾಗಿ ಬಂದಷ್ಟೂ ಮಣ್ಣು ಹೆಚ್ಚು ಬಲವಾಗಿ ಎದುರಿಸುತ್ತದೆ. ಕೈಯಿಂದ ನಿಧಾನವಾಗಿ ಒತ್ತಿದರೆ ಬೆರಳಿಗೆ ಸೋಲುವ ಮರಳು ಬಂದೂಕಿನ ಗುಂಡನ್ನು ಒಂದು ಮೂಟೆಯ ದಪ್ಪದಲ್ಲಿ ಹಿಡಿದು ನಿಲ್ಲಿಸುವುದಕ್ಕೆ ಇದೇ ಕಾರಣ. ಕೈಯಿಂದ ಕೆದರಿ ನೋಡಿ ಮಣ್ಣಿನ ಕೋಟೆ ಮೃದುವೆಂದು ಬರೆದವರು ನಿಧಾನದ ಅನುಭವವನ್ನು ವೇಗದ ಸಂದರ್ಭಕ್ಕೆ ಅನ್ವಯಿಸಿದ್ದಾರೆ.

ಇನ್ನು ಇತಿಹಾಸದ ಸಾಕ್ಷ್ಯ. ಅಮೆರಿಕದ ಅಂತರ್ಯುದ್ಧದಲ್ಲಿ ಗಿಲ್ಮೋರ್ ಎಂಬ ಒಬ್ಬನೇ ಸೇನಾಧಿಕಾರಿ ಎರಡು ಕೋಟೆಗಳನ್ನು ಮುತ್ತಿದನು. ಪುಲಾಸ್ಕಿ ಎಂಬ ದಪ್ಪ ಇಟ್ಟಿಗೆಗೋಡೆಯ ಕೋಟೆ ೧೮೬೨ರ ಏಪ್ರಿಲಿನಲ್ಲಿ ಸುಮಾರು ೩೦ ಗಂಟೆಗಳ ಗುಂಡಿನ ಮಳೆಗೆ ಕಂಡಿಬಿದ್ದು ಶರಣಾಯಿತು. ಮರುವರ್ಷ ಮರಳು ಮತ್ತು ಮರದ ದಿಮ್ಮಿಗಳ ವ್ಯಾಗ್ನರ್ ಎಂಬ ದಿಬ್ಬಕೋಟೆಯ ಮುಂದೆ ಅವನು ಜುಲೈಯಿಂದ ಸೆಪ್ಟೆಂಬರಿನವರೆಗೆ ಕಾಯಬೇಕಾಯಿತು. ಕೊನೆಗೆ ಒಳಗಿನವರು ತಾವಾಗಿ ತೆರವು ಮಾಡಿ ಹೋದರು. ಹಗಲು ಗುಂಡು ಚೆಲ್ಲಿದ ಮರಳನ್ನು ರಾತ್ರಿ ಸಲಿಕೆಯಿಂದ ಮತ್ತೆ ಮೇಲೆಳೆದರೆ ಗೋಡೆ ಮೊದಲಿನಂತಾಗುತ್ತಿತ್ತು. ಈ ಸೌಕರ್ಯ ಕಲ್ಲಿನ ಗೋಡೆಗೆ ಇಲ್ಲ. ಇಟಲಿಯ ಪೀಸಾ ಪಟ್ಟಣದವರು ೧೫೦೦ರ ಮುತ್ತಿಗೆಯಲ್ಲಿ ಕಲ್ಲುಗೋಡೆ ಬಿದ್ದರೂ ಅದರ ಹಿಂದೆ ತರಾತುರಿಯಿಂದ ಎತ್ತಿದ ಮಣ್ಣಿನ ಏರಿಯಿಂದ ಊರನ್ನು ಉಳಿಸಿಕೊಂಡರು. ಯುರೋಪಿನ ದುರ್ಗವಿದ್ಯೆ ಆ ಶತಮಾನದಲ್ಲಿ ಎತ್ತರದ ಕಲ್ಲುಗೋಡೆಯನ್ನು ಬಿಟ್ಟು ತಗ್ಗಾದ, ದಪ್ಪನಾದ, ಮಣ್ಣು ತುಂಬಿದ ಗೋಡೆಯ ಕಡೆಗೆ ತಿರುಗಿತು. ನಮ್ಮ ಹಾಸನ ಜಿಲ್ಲೆಯಲ್ಲಿಯೇ ಸಕಲೇಶಪುರದ ಬಳಿ ಟಿಪ್ಪುವು ೧೭೯೨ರ ಸುಮಾರಿಗೆ ಮುಗಿಸಿದ ಮಂಜರಾಬಾದಿನ ಎಂಟು ಮೂಲೆಯ ನಕ್ಷತ್ರಕೋಟೆ ಆ ವಿದ್ಯೆಯ ಸಂತತಿ. ಅದನ್ನು ಹೊಗಳುವ ಲೇಖಕರು ಪಕ್ಕದ ಹಳ್ಳಿಯ ಮಣ್ಣಿನ ಕೋಟೆಯನ್ನು ಹಿಂದುಳಿದ ಕಾಲದ್ದೆಂದು ಬರೆಯುವುದು ನಮಗೆ ಸೋಜಿಗವನ್ನುಂಟುಮಾಡಿದೆ.

ಭರತಪುರದ ದೃಷ್ಟಾಂತವನ್ನು ಎಲ್ಲರೂ ಕೊಡುತ್ತಾರೆ. ೧೮೦೫ರಲ್ಲಿ ಲಾರ್ಡ್ ಲೇಕನು ಆ ಜಾಟರ ಕೋಟೆಯ ಮೇಲೆ ನಾಲ್ಕು ಬಾರಿ ಲಗ್ಗೆಹತ್ತಿ ನಾಲ್ಕು ಬಾರಿಯೂ ಸೋತನು; ಗುಂಡುಗಳು ಮಣ್ಣಿನ ಗೋಡೆಯಲ್ಲಿ ಹುದುಗಿಹೋದವು ಎನ್ನುವುದು ಪ್ರಸಿದ್ಧಿ. ೧೮೨೬ರ ಜನವರಿಯಲ್ಲಿ ಕಾಂಬರ್‌ಮಿಯರನು ಅದನ್ನು ಗೆದ್ದದ್ದು ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದು ಹಾರಿಸಿ. ಆದರೆ ಮಣ್ಣಿನ ಪಕ್ಷವಹಿಸುವ ನಾವೂ ಇಲ್ಲಿ ಎಚ್ಚರ ವಹಿಸಬೇಕು. ಲೇಕನ ಬಳಿ ಮುತ್ತಿಗೆಗೆ ಯೋಗ್ಯವಾದ ಭಾರಿ ತೋಪುಗಳು ಸಾಲದಾಗಿದ್ದವು, ಕಂದಕದಲ್ಲಿ ನೀರಿತ್ತು, ಒಳಗಿನವರು ಶೂರರಾಗಿದ್ದರು. ಜಯವನ್ನೆಲ್ಲ ಮಣ್ಣಿನ ಲೆಕ್ಕಕ್ಕೆ ಬರೆಯುವುದು ಕಲ್ಲಿನ ಪಕ್ಷಪಾತದಷ್ಟೇ ಅವಿಮರ್ಶಿತವಾದುದು.

ನಮ್ಮ ನಾಡಿನ ಸಾಕ್ಷ್ಯಗಳಲ್ಲಿ ೧೭೯೧ರ ಬೆಂಗಳೂರು ಬಹಳ ಬೋಧಪ್ರದವಾದುದು. ಒಂದೇ ಸೈನ್ಯ ಒಂದೇ ತಿಂಗಳಲ್ಲಿ ಎರಡು ಬಗೆಯ ರಕ್ಷಣೆಯನ್ನು ಎದುರಿಸಿತು. ಪೇಟೆಯ ಸುತ್ತ ಮಣ್ಣಿನ ಏರಿ, ಅಗಳು, ಮುಳ್ಳಿನ ಬೇಲಿ ಇದ್ದವು. ಮಾರ್ಚಿ ೭ರಂದು ಕಾರ್ನ್‌ವಾಲಿಸನ ಸೈನಿಕರು ಪೇಟೆಯನ್ನು ಹೊಕ್ಕದ್ದು ಬಾಗಿಲನ್ನು ಒಡೆದು. ಅಲ್ಲಿ ಕರ್ನಲ್ ಮೂರ್‌ಹೌಸನು ಸತ್ತನು. ಕಲ್ಲಿನ ಕೋಟೆಯನ್ನು ಹೊಕ್ಕದ್ದು ಮಾರ್ಚಿ ೨೧ರ ರಾತ್ರಿ, ತೋಪುಗಳು ಗೋಡೆಯಲ್ಲಿ ಮಾಡಿದ ಕಂಡಿಯ ಮೂಲಕ. ಕಿಲ್ಲೇದಾರ ಬಹಾದೂರ್ ಖಾನನು ಅಲ್ಲಿ ಹೋರಾಡಿ ಮಡಿದನು. ಆ ಕಂಡಿಯ ಜಾಗವನ್ನು ತೋರಿಸುವ ಫಲಕವನ್ನು ಕೋಟೆಯ ಉಳಿದ ಭಾಗದಲ್ಲಿ ಇಂದಿಗೂ ಓದಬಹುದು. ಹೀಗೆ ಮಣ್ಣಿನ ರಕ್ಷಣೆ ಸೋತದ್ದು ಬಾಗಿಲಿನಲ್ಲಿ, ಕಲ್ಲಿನ ರಕ್ಷಣೆ ಸೋತದ್ದು ಗೋಡೆಯಲ್ಲಿ. ಪೇಟೆಯ ಏರಿಯನ್ನು ತೋಪಿನಿಂದ ದೀರ್ಘಕಾಲ ಪರೀಕ್ಷಿಸಲಿಲ್ಲವೆಂಬುದನ್ನು ಒಪ್ಪಿಕೊಳ್ಳೋಣ. ಆದರೂ ಪೇಟೆಯು ಮಣ್ಣಿನ ಗೋಡೆಯ ದೆಸೆಯಿಂದ ಬಿದ್ದಿತೆಂಬ ಧ್ವನಿ ಬರುವಂತೆ ಬರೆಯುವುದಕ್ಕೆ ಆಧಾರವಿಲ್ಲ.

ಶ್ರೀರಂಗಪಟ್ಟಣದ ಪತನದಲ್ಲಿ ಕಲ್ಲು ಮಣ್ಣುಗಳ ನಿಜವಾದ ಸಂಬಂಧ ಹೊರಬೀಳುತ್ತದೆ. ಮುತ್ತಿಗೆಯ ಎಂಜಿನಿಯರುಗಳಿಗೆ ಮಣ್ಣನ್ನು ಗುಂಡಿನಿಂದ ಒಡೆಯಲಾಗದೆಂಬುದು ಗೊತ್ತಿತ್ತು. ಆದುದರಿಂದ ಅವರು ಒಡೆಯುತ್ತಿದ್ದುದು ಮುಖಗಲ್ಲನ್ನು, ಅದೂ ತಗ್ಗಿನಲ್ಲಿ. ಕಲ್ಲಿನ ಹೊದಿಕೆ ಕಳಚಿದಾಗ ಕಡಿದಾಗಿ ನಿಂತಿದ್ದ ಒಳಗಿನ ಮಣ್ಣು ತನ್ನ ಸಹಜವಾದ ಇಳಿಜಾರಿಗೆ ಜಾರುತ್ತದೆ. ಆ ಇಳಿಜಾರನ್ನು ಸಿಪಾಯಿ ಓಡಿಹತ್ತಬಲ್ಲ. ೧೭೯೯ರ ಮೇ ೪ರ ಮಧ್ಯಾಹ್ನ ಬೇರ್ಡನ ಸೈನಿಕರು ವಾಯವ್ಯ ಮೂಲೆಯ ಬಳಿಯ ಕಂಡಿಯನ್ನು ಕೆಲವೇ ನಿಮಿಷಗಳಲ್ಲಿ ಏರಿದ್ದು ಹೀಗೆ. ಗುಂಡುಗಳನ್ನು ತಿಂದ ಮಣ್ಣೇ ಕೊನೆಗೆ ಶತ್ರುವಿಗೆ ಮೆಟ್ಟಿಲಾಯಿತು. ಇದರಿಂದ ಸಿದ್ಧವಾಗುವುದೇನೆಂದರೆ, ಇಂಥ ಗೋಡೆಯಲ್ಲಿ ಏಟನ್ನು ನುಂಗುವ ಕೆಲಸ ಮಣ್ಣಿನದು. ಆ ಮಣ್ಣನ್ನು ಕಡಿದಾಗಿ ನಿಲ್ಲಿಸುವುದು, ಮಳೆಯಿಂದ ಕಾಪಾಡುವುದು, ಹತ್ತುವವನ ಕಾಲಿಗೆ ಆಸರೆ ಕೊಡದಿರುವುದು ಕಲ್ಲಿನ ಕೆಲಸ. ಕಲ್ಲು ಅದಕ್ಕೆ ಚರ್ಮದಂತೆ. ನಮ್ಮ ಗ್ರಂಥಗಳು ಚರ್ಮವನ್ನು ಅಳೆದು ದೇಹವನ್ನು ಬಿಟ್ಟಿವೆ.

ಈ ವಿವೇಚನೆಯೊಂದಿಗೆ ೧೩೧೧ಕ್ಕೆ ಹಿಂದಿರುಗೋಣ. ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂದಾಗ ಕೋಟೆ ಒಡೆದು ರಾಜಧಾನಿ ಬಿದ್ದಿತೆಂಬ ಚಿತ್ರ ನಮ್ಮ ಜನಪ್ರಿಯ ಬರವಣಿಗೆಯಲ್ಲಿ ಬೇರೂರಿದೆ. ವಾಸ್ತವವಾಗಿ ಮೂರನೆಯ ಬಲ್ಲಾಳನು ದಕ್ಷಿಣದ ದಂಡಯಾತ್ರೆಯಿಂದ ಹಿಂದಿರುಗಿ, ಕಾದಾಡಿ ಫಲವಿಲ್ಲವೆಂದು ಬಗೆದು, ಧನವನ್ನು ಒಪ್ಪಿಸಿ ಸಂಧಿ ಮಾಡಿಕೊಂಡನು. ಗೋಡೆಗೆ ನಿಜವಾದ ಪರೀಕ್ಷೆ ಆಗಲೇ ಇಲ್ಲ. ಇದಕ್ಕೆ ಒಂದು ವರ್ಷ ಮೊದಲು ಅದೇ ಸೇನಾಪತಿಯು ವಾರಂಗಲ್ಲನ್ನು ಮುತ್ತಿದ್ದನು. ಅಲ್ಲಿಯ ಹೊರಗೋಡೆ ಮಣ್ಣಿನದಾದರೂ ಅದಕ್ಕೆ ಭರ್ಜಿ ನಾಟುತ್ತಿರಲಿಲ್ಲ, ಡೆಂಕಣಿಯ ಕಲ್ಲು ಪುಟಿದು ಬೀಳುತ್ತಿತ್ತು ಎಂಬ ಅರ್ಥದ ವರ್ಣನೆಯನ್ನು ಅಮೀರ್ ಖುಸ್ರೋ ಮಾಡಿದ್ದಾನೆ. ಖುಸ್ರೋ ಆಸ್ಥಾನಕವಿ, ಗೆದ್ದ ಕೋಟೆ ಬಲವಾಗಿದ್ದಷ್ಟೂ ಗೆದ್ದವನ ಕೀರ್ತಿ ಹೆಚ್ಚುತ್ತದೆಂಬುದು ಅವನಿಗೆ ತಿಳಿಯದ್ದಲ್ಲ. ಆದರೂ ಅತಿಶಯೋಕ್ತಿಯನ್ನು ಕಳೆದು ನೋಡಿದರೆ, ಮಣ್ಣಿನ ಗೋಡೆ ಎಂದು ಅವನು ಮೂಗುಮುರಿಯಲಿಲ್ಲ ಎಂಬ ಅಂಶ ಉಳಿಯುತ್ತದೆ. ಮೂಗುಮುರಿಯುವುದನ್ನು ನಾವು ಆಮೇಲೆ ಕಲಿತೆವು.

ಶಾಸ್ತ್ರಗ್ರಂಥಗಳಲ್ಲಿಯೂ ಈ ಅನಾದರವಿಲ್ಲ. ಕೌಟಿಲ್ಯನು ಕಂದಕದಿಂದ ತೆಗೆದ ಮಣ್ಣಿನಿಂದಲೇ ವಪ್ರವನ್ನೆತ್ತಿ, ಆನೆ ಎತ್ತುಗಳಿಂದ ತುಳಿಸಿ ಗಟ್ಟಿಮಾಡಿ, ಮುಳ್ಳುಗಿಡಗಳನ್ನು ಬೆಳೆಸಿ, ಅದರ ಮೇಲೆ ಪ್ರಾಕಾರವನ್ನು ಕಟ್ಟಬೇಕೆಂದು ವಿಧಿಸುತ್ತಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಕಲ್ಲಿನ ದುರ್ಗ, ಇಟ್ಟಿಗೆಯ ದುರ್ಗಗಳ ಜೊತೆಗೆ ಮಣ್ಣಿನ ದುರ್ಗವನ್ನೂ ಒಂದು ಪ್ರತ್ಯೇಕ ಬಗೆಯಾಗಿ ಎಣಿಸುತ್ತದೆ. ಇದರಿಂದ ನಮ್ಮ ಪೂರ್ವಿಕರಿಗೆ ಇಂದಿನ ಭೌತವಿಜ್ಞಾನ ತಿಳಿದಿತ್ತೆಂದು ಸಾಧಿಸಹೊರಡುವವರ ಸಾಲಿನಲ್ಲಿ ನಾವು ನಿಲ್ಲುವುದಿಲ್ಲ. ಅವರಿಗೆ ತಿಳಿದಿದ್ದುದು ಮಣ್ಣು. ಅದನ್ನು ಅವರು ಕಲಿತದ್ದು ಯುದ್ಧಕ್ಕಿಂತ ಹೆಚ್ಚಾಗಿ ಕೆರೆಗಳಲ್ಲಿ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ಏರಿ ಹಾಕುವುದು, ಹದವಾದ ತೇವದಲ್ಲಿ ಮಣ್ಣನ್ನು ಪದರಪದರವಾಗಿ ತುಳಿಸುವುದು, ನೀರಿನ ಮಗ್ಗುಲಿಗೆ ಕಲ್ಲು ಹೊದಿಸುವುದು ತಲೆತಲಾಂತರದ ಕಸುಬು. ಮಣ್ಣೊಡ್ಡರು, ಕಲ್ಲೊಡ್ಡರು ಎಂದು ಆ ಕಸುಬಿನವರ ಹೆಸರಿನಲ್ಲಿಯೇ ಎರಡು ವಿದ್ಯೆಗಳೂ ಸೇರಿವೆ. ಕೋಟೆಯ ಗೋಡೆಗೆ ಹಳಗನ್ನಡದಲ್ಲಿ ಆಳ್ವೇರಿ ಎಂಬ ಶಬ್ದವಿದೆ. ಅದರಲ್ಲಿ ಕೆರೆಯ ಏರಿಯೇ ಇದೆಯೆಂದು ನಮ್ಮ ಕಿವಿಗೆ ಕೇಳಿಸುತ್ತದೆ. ನಿರುಕ್ತವನ್ನು ಭಾಷಾಶಾಸ್ತ್ರಜ್ಞರು ಹೇಳಲಿ.

ಮಣ್ಣಿಗೆ ದೋಷಗಳಿಲ್ಲವೆಂದು ಹೇಳುವಂತಿಲ್ಲ. ನೀರು ತುಂಬಿದ ಮಣ್ಣಿನಲ್ಲಿ ಗಾಳಿಯ ಎಡೆ ಉಳಿಯದು. ನೀರು ಕುಗ್ಗುವುದಿಲ್ಲವಾದ್ದರಿಂದ ಏಟನ್ನು ನುಂಗುವ ಗುಣ ಕೆಡುತ್ತದೆ, ಇಳಿಜಾರೂ ಕುಸಿಯುತ್ತದೆ. ಮಳೆಗಾಲ ಮುಗಿದೊಡನೆ ದುರಸ್ತಿಮಾಡುವ ಕೈಗಳಿಲ್ಲದಿದ್ದರೆ ಕೆಲವೇ ದಶಕಗಳಲ್ಲಿ ಗೋಡೆ ದಿಬ್ಬವಾಗುತ್ತದೆ. ಜೇಡಿ ಹೆಚ್ಚಾದ ಮಣ್ಣು ಒಣಗಿದಾಗ ಬಿರಿಯುತ್ತದೆ. ಅದು ಬರಿಯ ಕಣರಾಶಿಯಂತೆ ನಡೆದುಕೊಳ್ಳದು. ಆದುದರಿಂದ ಮಣ್ಣಿನ ಕೋಟೆ ಎಂಬ ಒಂದೇ ಹೆಸರಿನ ಕೆಳಗೆ ಬಹಳ ಬೇರೆ ಬೇರೆ ಬಲದ ಗೋಡೆಗಳು ಇದ್ದಿರಬೇಕು. ಅವುಗಳನ್ನು ಬಿಡಿಸಿ ಹೇಳುವ ಕೆಲಸವನ್ನು ಯಾರೂ ಕೈಗೊಂಡಂತೆ ತೋರುವುದಿಲ್ಲ.

ಈ ಕೆಲಸಕ್ಕೆ ಕಾಲ ಹೆಚ್ಚಿಲ್ಲ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು, ಸಂತೋಷದ ಸಂಗತಿ. ಎಲ್ಲರ ಕಣ್ಣೂ ಬಳಪದ ಕಲ್ಲಿನ ಶಿಲ್ಪದ ಮೇಲಿದೆ. ನಾಡಿನ ಹಳ್ಳಿಕೋಟೆಗಳಲ್ಲಾದರೋ ಏರಿಯ ಮಣ್ಣನ್ನು ಹೊಲಕ್ಕೂ ಮನೆಗೂ ರಸ್ತೆಗೂ ಗಾಡಿಗಟ್ಟಲೆ ಒಯ್ಯುವುದು ಹಳೆಯ ರೂಢಿ; ಗಾಡಿಯ ಬದಲು ಈಗ ಯಂತ್ರ ಬಂದಿದೆ. ಕಲ್ಲನ್ನು ಕದ್ದರೆ ಅಪರಾಧವೆಂದು ತಿಳಿದವರೂ ಮಣ್ಣನ್ನು ಒಯ್ದರೆ ಏನೂ ಹೋಗಲಿಲ್ಲವೆಂದು ಭಾವಿಸುತ್ತಾರೆ. ಹಾಗೆ ಭಾವಿಸಲು ಕಲಿಸಿದ್ದು ಭಾಗಶಃ ನಮ್ಮ ಗ್ರಂಥಗಳೇ. ಜೀರ್ಣೋದ್ಧಾರವಾದಾಗ ಮುಖಗಲ್ಲನ್ನು ಸಿಮೆಂಟಿನಿಂದ ಬಿಗಿದು ನಿಲ್ಲಿಸಿ, ಹಿಂದಿನ ಭರ್ತಿಯಲ್ಲಿ ನೀರು ಹರಿದುಹೋಗುವ ದಾರಿಯನ್ನು ಮುಚ್ಚಿಬಿಟ್ಟರೆ, ಹೊಸ ಗೋಡೆ ಕೆಲವು ಮಳೆಗಾಲಗಳಲ್ಲಿ ಉಬ್ಬಿ ಬೀಳುವುದು ಆಶ್ಚರ್ಯವಲ್ಲ.

ಮೊದಲು ಮಾಡಬೇಕಾದದ್ದು ಬಹಳ ಸರಳವಾದುದು. ಮಳೆಯಿಂದ ಕೊರೆದು ಈಗಾಗಲೇ ಸೀಳಿರುವ ಎಡೆಗಳನ್ನು ಸಮನಾಗಿ ಕೆರೆದು ಪದರಗಳನ್ನು ಬರೆದುಕೊಳ್ಳುವುದು. ಪ್ರತಿ ಪದರದಿಂದ ಒಂದು ಬೊಗಸೆ ಮಣ್ಣನ್ನು ತೆಗೆದು ಜರಡಿಯಾಡಿಸಿ ಜಲ್ಲಿ, ಮರಳು, ಜೇಡಿಗಳ ಪಾಲನ್ನು ತೂಗುವುದು. ಎಷ್ಟು ಬಿಗಿಯಾಗಿ ತುಳಿಸಿದ್ದಾರೆಂಬುದನ್ನು ಅಳೆಯುವುದು. ಇದಕ್ಕೆ ಬೇಕಾದ ಉಪಕರಣಗಳು ಯಾವ ಎಂಜಿನಿಯರಿಂಗ್ ಕಾಲೇಜಿನ ಮಣ್ಣುಪರೀಕ್ಷೆಯ ಕೊಠಡಿಯಲ್ಲಿಯೂ ಸಿಗುತ್ತವೆ. ದೋರಸಮುದ್ರದ ಕೋಟೆಯ ಭರ್ತಿ ಮಣ್ಣನ್ನೂ, ಹುಲಿಕೆರೆಯ ಸುತ್ತಲ ಯಾವುದಾದರೊಂದು ಹಳೆಯ ಕೆರೆಯ ಏರಿಯ ಮಣ್ಣನ್ನೂ ಹೀಗೆ ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಎರಡನ್ನೂ ತುಳಿಸಿದವರು ಒಂದೇ ಕಸುಬಿನವರೇ, ಕೋಟೆಗೆಂದು ಅವರು ಜಲ್ಲಿಯ ಪಾಲನ್ನು ಹೆಚ್ಚಿಸಿದ್ದರೇ ಎಂಬುದನ್ನು ಊಹೆಯಿಲ್ಲದೆ ಹೇಳಬಹುದು.